ಇಳಿಜಾರು ಹೊಲಕ್ಕೆ ಕಟಾವು ಮಷಿನ್ ಇಳಿಸುವ ಮೊದಲು

ಮೆಕ್ಕೆಜೋಳ ಕಟಾವು ಮಾಡಿಸಿ ಹನ್ನೆರಡು ದಿನ ಆಗಿತ್ತು. ನಡುವೆ ಒಂದು ಹದವಾದ ಮಳೆ ಬಂದು ಹೋಗಿತ್ತು. ಬೆಳಗ್ಗೆ ಹೊಲಕ್ಕೆ ಹೋದರೆ ಒಡ್ಡಿನ ಮೇಲಿಂದಲೇ ಕಾಣಿಸಿತು, ಮಷಿನ್ ಓಡಾಡಿದ ಜಾಡಿನ ಉದ್ದಕ್ಕೂ ಹಸಿರು ಗೆರೆಗಳು, ಯಾರೋ ಕೂರಿಗೆ ಹಿಡಿದು ಬಿತ್ತಿದ ಹಾಗೆ. ಇಳಿದು ಕುಳಿತು ನೋಡಿದೆ. ಬಿದ್ದ ಕಾಳೆಲ್ಲ ಮೊಳೆತು ಎರಡೆರಡು ಎಲೆ ಬಿಟ್ಟಿದ್ದವು. ಆದರೆ ಹೊಟ್ಟು ಬಿದ್ದ ಪಟ್ಟಿಯ ಪೂರ್ತಿ ಅಗಲಕ್ಕೆ ಅಲ್ಲ, ಒಂದೇ ಅಂಚಿನಲ್ಲಿ, ಹಳ್ಳದ ಕಡೆಯ ಅಂಚಿನಲ್ಲಿ ಮಾತ್ರ. ಮೇಲಿನ ಅಂಚಿನಲ್ಲಿ ಹುಡುಕಿದರೂ ಅಲ್ಲೊಂದು ಇಲ್ಲೊಂದು. ಜೊತೆಗಿದ್ದ ಕಾಕಾ, "ಎಲ್ಲಾ ಇಳಿಜಾರಿನ ಕಡೀಗೇ ಚೆಲ್ಲೈತಲ್ಲೋ ತಮ್ಮಾ" ಅಂದರು.

ಆವತ್ತು ಡ್ರೈವರ್ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ತಪ್ಪು ಅವನೊಬ್ಬನದಲ್ಲ. ಅವನು ಕಾರಟಗಿ, ಸಿಂಧನೂರು ಕಡೆಯ ಸಮತಟ್ಟು ಗದ್ದೆಗಳಲ್ಲಿ ಓಡಿಸಿ ಬಂದವನು, ಅಲ್ಲಿ ಓಡಿಸಿದ ಹಾಗೇ ಕುಷ್ಟಗಿ ತಾಲೂಕಿನ ನಮ್ಮ ಮಸಾರಿ (ಕೆಂಪು ಮಣ್ಣಿನ) ಇಳಿಜಾರಿನಲ್ಲೂ ಓಡಿಸಿದ. ಬೇರೆ ರೀತಿ ಓಡಿಸು ಎಂದು ಹೇಳಬೇಕಾದವನು ನಾನು. ನನಗೇ ಗೊತ್ತಿರಲಿಲ್ಲ.

ಕಾಲುವೆ ನೀರಿನ ಕೆಳಗಿನ ಭತ್ತದ ಸೀಮೆ ಬಿಟ್ಟು ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಮಸ್ಕಿ, ಲಿಂಗಸುಗೂರು, ಸಂಡೂರಿನ ಕಡೆ ಬನ್ನಿ, ಹೊಲ ಎಂದರೆ ಒಂದು ಕಡೆ ಗುಡ್ಡಕ್ಕೋ ದಿಣ್ಣೆಗೋ ಅಂಟಿಕೊಂಡು ಇನ್ನೊಂದು ಕಡೆ ಹಳ್ಳಕ್ಕೆ ಇಳಿಯುವಂಥದ್ದೇ ಜಾಸ್ತಿ. ಕೂಲಿಯಾಳು ಸಿಗದೆ ಈಗ ಇಂಥ ಹೊಲಗಳಿಗೂ ಮಷಿನ್ ಬರುತ್ತಿದೆ. ಅಂಥ ಹೊಲ ಇರುವವರಿಗೆ ಈ ಬರಹ.

ಮಷಿನ್ ಹೊಟ್ಟೆಯೊಳಗೆ ಏನಾಗುತ್ತದೆ

ಕಾಳು ಹೋಗುವುದು ಮುಂದಿನ ಕಟ್ಟರ್‌ನಲ್ಲಿ ಎಂದೇ ನಾವೆಲ್ಲ ಅಂದುಕೊಳ್ಳುತ್ತೇವೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಇಳಿಜಾರಿನಲ್ಲಿ ದೊಡ್ಡ ನಷ್ಟ ಆಗುವುದು ಹಿಂದೆ, ಜರಡಿಯ ಮೇಲೆ.

ಮೊರದಲ್ಲಿ ಕೇರುವುದನ್ನು ನೆನಪಿಸಿಕೊಳ್ಳಿ. ಅವ್ವ ಮೊರವನ್ನು ಎರಡೂ ಕೈಯಲ್ಲಿ ಸಮ ಹಿಡಿದು ಕೇರಿದರೆ ಕಾಳು ಮೊರದ ತುಂಬ ತೆಳ್ಳಗೆ ಹರಡಿ ಹೊಟ್ಟು ಮುಂದೆ ಹಾರುತ್ತದೆ. ಒಂದು ಕೈ ತಗ್ಗಿಸಿ ನೋಡಿ, ಕಾಳೆಲ್ಲ ಒಂದು ಮೂಲೆಗೆ ಗುಡ್ಡೆಯಾಗುತ್ತದೆ, ಆ ಗುಡ್ಡೆಯೊಳಗಿನ ಹೊಟ್ಟು ಬಿಡುವುದಿಲ್ಲ, ಜೋರಾಗಿ ಕೇರಿದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ. ಮಷಿನ್ ಒಳಗೆ ಆಗುವುದೂ ಇದೇ. ಡ್ರಮ್‌ನಲ್ಲಿ ಬಡಿದ ಕಾಳು ಮತ್ತು ಹೊಟ್ಟು ಜರಡಿ ಮೇಲೆ ಬೀಳುತ್ತದೆ, ಕೆಳಗಿಂದ ಫ್ಯಾನ್ ಗಾಳಿ ಊದುತ್ತದೆ, ಹೊಟ್ಟು ಹಾರಿ ಹಿಂದೆ ಹೋಗುತ್ತದೆ, ಕಾಳು ತೂತಿನಿಂದ ಇಳಿದು ಟ್ಯಾಂಕಿಗೆ ಏರುತ್ತದೆ. ಮಷಿನ್ ಪಕ್ಕಕ್ಕೆ ವಾಲಿದರೆ ಎಲ್ಲವೂ ತಗ್ಗಿನ ಕಡೆ ಸರಿಯುತ್ತದೆ. ಅಲ್ಲಿ ದಪ್ಪ ಪದರ, ಮೇಲಿನ ಕಡೆ ಬರಿ ಜರಡಿ. ಗಾಳಿ ಸುಲಭವಾದ ದಾರಿ ಹಿಡಿಯುತ್ತದೆ ಅಲ್ವಾ, ಬರಿದಾದ ಕಡೆಯಿಂದಲೇ ನುಗ್ಗಿ ಹೋಗುತ್ತದೆ. ತಗ್ಗಿನ ಕಡೆಯ ದಪ್ಪ ಪದರಕ್ಕೆ ಗಾಳಿಯೂ ಸಾಲದು, ತೂತಿಗೆ ಇಳಿಯಲು ಹೊತ್ತೂ ಸಾಲದು, ಕಾಳು ಹೊಟ್ಟಿನ ಮೇಲೆ ಸವಾರಿ ಮಾಡಿಕೊಂಡು ಹಿಂದೆ ಹೊಲಕ್ಕೆ ಬೀಳುತ್ತದೆ. ನಮ್ಮ ಹೊಲದ ಹಸಿರು ಗೆರೆ ಬಂದದ್ದು ಅಲ್ಲಿಂದ.

ಏರು ಹತ್ತುವಾಗ ಬೇರೆ ಕಥೆ. ಆಗ ಮಷಿನ್ ಮೂತಿ ಮೇಲೆ, ಬಾಲ ಕೆಳಗೆ. ಜರಡಿ ಮೇಲಿನ ಮಾಲು ತಾನಾಗಿ ಹಿಂದಕ್ಕೆ ಜಾರುತ್ತದೆ, ಕಾಳು ಇಳಿಯುವ ಮೊದಲೇ ಹೊರಗೆ ಹೋಗುತ್ತದೆ. ಇಳಿಯುವಾಗ ತಿರುಗುಮುರುಗು, ಮಾಲು ಮುಂದಕ್ಕೆ ನಿಲ್ಲುತ್ತದೆ, ಹಿಂದೆ ಹೋಗಲು ತಡಮಾಡುತ್ತದೆ, ಟ್ಯಾಂಕಿನಲ್ಲಿ ಕಸ ಜಾಸ್ತಿ ಬರುತ್ತದೆ. ಹಾಗಾಗಿ ಹತ್ತುವಾಗ ಫ್ಯಾನ್ ಗಾಳಿ ಸ್ವಲ್ಪ ಕಡಿಮೆ, ಇಳಿಯುವಾಗ ಸ್ವಲ್ಪ ಜಾಸ್ತಿ ಬೇಕು. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಗುಡ್ಡದವರು ಏನು ಮಾಡಿದರು

ಅಮೆರಿಕದ ವಾಷಿಂಗ್ಟನ್ ಮತ್ತು ಐಡಹೋ ರಾಜ್ಯಗಳ ಗಡಿಯಲ್ಲಿ ಪಲೂಸ್ ಅನ್ನುವ ಸೀಮೆ ಇದೆ. ಅಲೆ ಅಲೆಯಾದ ಗುಡ್ಡಗಳು, ಗುಡ್ಡದ ತಲೆಯವರೆಗೂ ಗೋಧಿ. ಅಲ್ಲಿಯವರಿಗೆ ಈ ತೊಂದರೆ ನೂರು ವರ್ಷಕ್ಕೂ ಹಳೆಯದು. ಕ್ಯಾಲಿಫೋರ್ನಿಯಾದ ಹೋಲ್ಟ್ ಕಂಪನಿ 1891ರಲ್ಲೇ ಗುಡ್ಡದ ಪಕ್ಕೆಯಲ್ಲಿ ಓಡುವ ಕಟಾವು ಯಂತ್ರ ಮಾಡಿತ್ತು. ಎಳೆಯುತ್ತಿದ್ದದ್ದು ಕುದುರೆಗಳು, ಕೆಲವೊಮ್ಮೆ ಒಂದೇ ಮಷಿನ್‌ಗೆ ಮೂವತ್ತಕ್ಕೂ ಹೆಚ್ಚು. ಮಷಿನ್ ವಾಲಿದ ಹಾಗೆಲ್ಲ ಅದನ್ನು ಸಮಕ್ಕೆ ತರಲು ಒಬ್ಬ ಆಳು ಮೇಲೆಯೇ ಇರುತ್ತಿದ್ದ, ಅವನಿಗೆ ದಿನವಿಡೀ ಅದೇ ಕೆಲಸ. 1940ರ ದಶಕದಲ್ಲಿ ಅದೇ ಪಲೂಸ್ ಸೀಮೆಯ ರೇಮಂಡ್ ಹ್ಯಾನ್ಸನ್ ಅನ್ನುವವರು ಆಳಿಲ್ಲದೆ ಮಷಿನ್ ತಾನೇ ಲೆವೆಲ್ ಮಾಡಿಕೊಳ್ಳುವ ವ್ಯವಸ್ಥೆ ಕಂಡುಹಿಡಿದರು.

ಅದು ಕೆಲಸ ಮಾಡುವ ರೀತಿ ಸರಳ. ಮಷಿನ್ ಎಷ್ಟು ವಾಲಿದೆ ಎಂದು ಒಂದು ಸೆನ್ಸರ್ ನೋಡುತ್ತಿರುತ್ತದೆ. ವಾಲಿದ ತಕ್ಷಣ ಹೈಡ್ರಾಲಿಕ್ ಜಾಕ್‌ಗಳು ತಗ್ಗಿನ ಕಡೆಯ ಗಾಲಿಯನ್ನು ಕೆಳಗೆ ಒತ್ತಿ, ಎತ್ತರದ ಕಡೆಯ ಗಾಲಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಗುಡ್ಡದ ಪಕ್ಕೆಯಲ್ಲಿ ನಿಂತ ಮನುಷ್ಯ ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಮೈ ನೆಟ್ಟಗೆ ಇಟ್ಟುಕೊಳ್ಳುವ ಹಾಗೆ. ಮುಂದಿನ ಕಟ್ಟರ್ ಮಾತ್ರ ನೆಲದ ಓರೆಯನ್ನೇ ಹಿಡಿದು ಓಡುತ್ತದೆ, ಇಲ್ಲದಿದ್ದರೆ ಒಂದು ಕಡೆ ಮಣ್ಣು ತಿಂದು ಇನ್ನೊಂದು ಕಡೆ ತೆನೆ ಬಿಡುತ್ತದೆ. ಐಡಹೋದ ಹಿಲ್‌ಕೋ ಕಂಪನಿ ಇವತ್ತಿಗೂ ಇಂಥ ವ್ಯವಸ್ಥೆ ಮಾಡುತ್ತದೆ, ಇಟಲಿಯ ಲಾವೆರ್ದಾ, ಜರ್ಮನಿಯ ಕ್ಲಾಸ್ ಕಂಪನಿಗಳೂ ಗುಡ್ಡದ ಮಾಡೆಲ್‌ಗಳನ್ನು ತಂದಿವೆ.

ಇನ್ನೊಂದು ದಾರಿಯೂ ಇದೆ. ಇಡೀ ಮಷಿನ್ ಎತ್ತುವ ಬದಲು ಒಳಗಿನ ಜರಡಿಯನ್ನು ಮಾತ್ರ ಸಮ ಮಾಡುವುದು. ನ್ಯೂ ಹಾಲೆಂಡ್‌ನ ಕೆಲವು ಮಷಿನ್‌ಗಳಲ್ಲಿ ಜರಡಿ ಪೆಟ್ಟಿಗೆಯೇ ತಿರುಗಿ 17 ಪರ್ಸೆಂಟ್ ಪಕ್ಕದ ಇಳಿಜಾರಿನವರೆಗೂ ಸಮ ನಿಲ್ಲುತ್ತದೆ. ಕಡಿದಾದ ಗುಡ್ಡ ಇಲ್ಲದ, ಬರಿ ಓರೆ ಹೊಲ ಇರುವ ನಮ್ಮಂಥವರಿಗೆ ಇದೇ ಸರಿಯಾದ ದಾರಿ ಎಂದು ನನಗನಿಸುತ್ತದೆ. ಆದರೆ ನಮ್ಮೂರಿಗೆ ಬಾಡಿಗೆಗೆ ಬಂದ ಯಾವ ಮಷಿನ್‌ನಲ್ಲೂ ನಾನು ಇದನ್ನಾಗಲಿ ಅದನ್ನಾಗಲಿ ಕಂಡಿಲ್ಲ. ಇರುವ ಟೈರ್ ಮಷಿನ್, ಗಾಲಿಯ ಬದಲು ಚೈನ್ ಪಟ್ಟಿಯ ಮೇಲೆ ಓಡುವ ಚೈನ್ ಮಷಿನ್‌ಗಳಲ್ಲೇ ಅದರ ಕೆಲಸದ ಒಂದು ಪಾಲನ್ನು ನಾವು ಕೈಯಾರೆ ಮಾಡಿಕೊಳ್ಳಬೇಕು. ಹೇಗೆ ಅಂತ ಈಗ ನೋಡೋಣ.

ಒಂದು: ಇಳಿಜಾರು ಅಳೆಯಿರಿ

ಕಣ್ಣಳತೆ ನಂಬಬೇಡಿ. ದಿನಾ ನೋಡುವ ಹೊಲ ಸಮತಟ್ಟಾಗೇ ಕಾಣುತ್ತದೆ.

ಗೌಂಡಿಗಳ ಹತ್ತಿರ ಲೆವೆಲ್ ನೋಡುವ ನೀರಿನ ಪೈಪ್ ಇರುತ್ತದಲ್ಲ, ಅದನ್ನು ತನ್ನಿ. 10 ಮೀಟರ್ ಹಗ್ಗವನ್ನು ಇಳಿಜಾರಿನ ಗುಂಟ ಹಿಡಿಯಿರಿ, ಮೇಲಿನ ತುದಿಯಲ್ಲಿ ಒಂದು ಕೋಲು, ಕೆಳಗಿನ ತುದಿಯಲ್ಲಿ ಒಂದು ಕೋಲು, ಎರಡಕ್ಕೂ ಪೈಪ್ ಹಿಡಿದು ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ. ಎರಡು ಕೋಲಿನಲ್ಲಿ ನೆಲದಿಂದ ಗುರುತಿನವರೆಗೆ ಅಳತೆ ತೆಗೆದು ಕಳೆಯಿರಿ. ವ್ಯತ್ಯಾಸ ಅರ್ಧ ಮೀಟರ್ ಬಂದರೆ 5 ಪರ್ಸೆಂಟ್ ಇಳಿಜಾರು, ಒಂದು ಮೀಟರ್ ಬಂದರೆ 10. ಮೊಬೈಲ್‌ನ ಲೆವೆಲ್ ಆಪ್ ಡಿಗ್ರಿ ತೋರಿಸುತ್ತದೆ, 10 ಪರ್ಸೆಂಟ್ ಅಂದರೆ ಸುಮಾರು 6 ಡಿಗ್ರಿ ಎಂದು ಇಟ್ಟುಕೊಳ್ಳಿ. ಮೂರು ನಾಲ್ಕು ಕಡೆ ಅಳೆಯಿರಿ. ಹೊಲದ ಸರಾಸರಿಗಿಂತ ಅತಿ ಕಡಿದಾದ ತುಂಡು ಯಾವುದು ಅನ್ನುವುದು ಮುಖ್ಯ.

ನಾನು ಅನುಭವದ ಮೇಲೆ ಇಟ್ಟುಕೊಂಡ ಲೆಕ್ಕ ಹೀಗಿದೆ. 4–5 ಪರ್ಸೆಂಟ್ ಒಳಗಿದ್ದರೆ ಸಾಲು ಹೇಗಿದೆಯೋ ಹಾಗೇ ಓಡಿಸಿ, ಸ್ವಲ್ಪ ನಿಧಾನ ಮಾಡಿದರೆ ಸಾಕು. ಅದರ ಮೇಲೆ 10ರವರೆಗೆ ಇಳಿಜಾರಿಗೆ ಅಡ್ಡ ಓಡಿಸಬಹುದು, ಆದರೆ ಕೆಳಗೆ ಹೇಳುವ ಎಲ್ಲ ಎಚ್ಚರಿಕೆಗಳೂ ಬೇಕು. 10 ದಾಟಿದರೆ ಅಡ್ಡ ಬೇಡ, ಮೇಲೆ ಕೆಳಗೆ ಮಾತ್ರ. 15ರ ಹತ್ತಿರ ಬಂದರೆ ಆ ತುಂಡಿಗೆ ಮಷಿನ್ ಇಳಿಸುವುದೇ ಬೇಡ. ನಿಮ್ಮ ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇದಕ್ಕಿಂತ ಕಡಿಮೆ ಮಿತಿ ಬರೆದಿದ್ದರೆ ಅದೇ ಕೊನೆಯ ಮಾತು.

ಎರಡು: ಹಿಂದಿನ ದಿನ ಹೊಲ ಸುತ್ತಿ

ಬರಿಗೈಲಿ ಹೋಗಬೇಡಿ, ಸುಣ್ಣದ ಪುಡಿ ಮತ್ತು ಒಂದಿಷ್ಟು ಬಿಳಿ ಚೀಲದ ತುಂಡು ಒಯ್ಯಿರಿ. ಬೆಳೆಯೊಳಗೆ ಮುಚ್ಚಿಹೋದ ಕಲ್ಲು, ಮಳೆ ನೀರು ಕೊರೆದ ಕೊರಕಲು, ಹಂದಿ ಅಗೆದ ಗುಂಡಿ, ಎರೆ (ಕಪ್ಪು ಮಣ್ಣಿನ) ಹೊಲವಾದರೆ ಬಾಯಿ ಬಿಟ್ಟ ಬಿರುಕು, ಒಂದೊಂದಕ್ಕೂ ಕೋಲು ನೆಟ್ಟು ಚೀಲ ಕಟ್ಟಿ. ಸಮತಟ್ಟಿನಲ್ಲಿ ಗಾಲಿ ಗುಂಡಿಗೆ ಇಳಿದರೆ ಸುಮ್ನೆ ಕುಲುಕುತ್ತದೆ. ಇಳಿಜಾರಿನಲ್ಲಿ ತಗ್ಗಿನ ಕಡೆಯ ಗಾಲಿ ಗುಂಡಿಗೆ ಇಳಿದು ಅದೇ ಹೊತ್ತಿಗೆ ಮೇಲಿನ ಗಾಲಿ ಕಲ್ಲು ಹತ್ತಿದರೆ ನೀವು ಅಳೆದ 8 ಪರ್ಸೆಂಟ್ ಆ ಕ್ಷಣಕ್ಕೆ 20 ಆಗಿಬಿಡಬಹುದು. ಮಷಿನ್ ಉರುಳುವುದು ಇಂಥ ಜಾಗದಲ್ಲೇ.

ತಲೆ ಎತ್ತಿಯೂ ನೋಡಿ. ಹೊಲದ ಮೇಲೆ ಹಾದ ಕರೆಂಟ್ ತಂತಿ ಜೋತುಬಿದ್ದಿದೆಯಾ? ಇಳಿಜಾರಿನಲ್ಲಿ ಮೇಲಿನ ಕಡೆ ನಿಂತಾಗ ಮಷಿನ್ ತಲೆ ತಂತಿಗೆ ಇನ್ನೂ ಹತ್ತಿರವಾಗುತ್ತದೆ, ಕಾಳು ಸುರಿಯುವ ಪೈಪ್ ಎತ್ತಿದರೆ ತಾಗಿಯೇ ಬಿಡಬಹುದು. ಜೆಸ್ಕಾಂ ಲೈನ್‌ಮನ್‌ಗೆ ಮೊದಲೇ ಹೇಳಿ, ಕಟಾವಿನ ಹೊತ್ತಿಗೆ ಲೈನ್ ಬಂದ್ ಮಾಡಿಸಿ, ಇಲ್ಲವೆಂದರೆ ತಂತಿಯ ಕೆಳಗಿನ ಪಟ್ಟಿಯನ್ನು ಕೈಯಲ್ಲೇ ಕೊಯ್ಯಿರಿ. ಇದರಲ್ಲಿ ಮುಲಾಜು ಬೇಡವೇ ಬೇಡ.

ಮೇಲಿನ ತುದಿ ಮತ್ತು ಕೆಳಗಿನ ತುದಿ ಎರಡೂ ಕಡೆ ಮಷಿನ್ ತಿರುಗಲು ಜಾಗ ಬೇಕು. ಆ ಜಾಗದ ಬೆಳೆಯನ್ನು ಮೊದಲೇ ಕೈಯಲ್ಲಿ ಕೊಯ್ದು ತೆಗೆದರೆ ಡ್ರೈವರ್ ಓರೆಯಲ್ಲಿ ಒದ್ದಾಡಿಕೊಂಡು ತಿರುಗಿಸುವುದು ತಪ್ಪುತ್ತದೆ.

ಮೂರು: ಅಡ್ಡವೋ, ಮೇಲೆ ಕೆಳಗೋ

ಇಲ್ಲಿ ಒಂದು ಇಕ್ಕಟ್ಟು ಇದೆ. ಮಣ್ಣು ಕೊಚ್ಚಿಹೋಗಬಾರದು ಎಂದು ಇಳಿಜಾರಿಗೆ ಅಡ್ಡ ಬಿತ್ತುತ್ತೇವೆ, ಅದು ಸರಿಯೇ, ಅದನ್ನು ಬಿಡಬೇಡಿ. ಆದರೆ ಅಡ್ಡ ಬಿತ್ತಿದ ಸಾಲನ್ನು ಹಿಡಿದು ಓಡಿದರೆ ಮಷಿನ್ ಪಕ್ಕಕ್ಕೆ ವಾಲುತ್ತದೆ. ಮೆಕ್ಕೆಜೋಳಕ್ಕೆ ಸಾಲಿನ ಹೆಡರ್, ಅಂದರೆ ಸಾಲು ಹಿಡಿದೇ ಕೊಯ್ಯುವ ಕಟ್ಟರ್, ಹಾಕಿಸಿದರೆ ಸಾಲು ಬಿಟ್ಟು ಓಡಿಸುವಂತೆಯೂ ಇಲ್ಲ. ಅದಕ್ಕೇ ಮೆಕ್ಕೆಜೋಳ ಹಾಕುವವರು ಬಿತ್ತುವಾಗಲೇ ಯೋಚಿಸಬೇಕು. 10 ಪರ್ಸೆಂಟ್ ಮೀರಿದ ತುಂಡಿನಲ್ಲಿ ಕೈಯಲ್ಲಿ ಕೊಯ್ಯುವ ಬೆಳೆ ಹಾಕುವುದು ಒಳ್ಳೆಯದು. ಸಜ್ಜೆ, ಜೋಳ, ಕಡಲೆಗೆ ಸಾದಾ ಕಟ್ಟರ್ ಆದ್ದರಿಂದ ಸಾಲಿಗೆ ಅಡ್ಡವಾಗಿಯೂ ಕೊಯ್ಯಬಹುದು.

ಮೇಲೆ ಕೆಳಗೆ ಓಡಿಸಿದರೆ ಪಕ್ಕಕ್ಕೆ ವಾಲುವ ಭಯ ಇಲ್ಲ, ಜರಡಿ ಮೇಲೆ ಮಾಲು ಅಗಲಕ್ಕೆ ಸಮ ಹರಡುತ್ತದೆ. ಆದರೆ ಟೈರ್ ಮಷಿನ್‌ಗೆ ಎಳೆಯುವುದು ಮುಂದಿನ ಗಾಲಿ, ತಿರುಗಿಸುವುದು ಹಿಂದಿನ ಗಾಲಿ. ಹತ್ತುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಗಾಲಿ ಜಾರುತ್ತದೆ. ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಗಾಲಿ ಹಗುರಾಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಮಷಿನ್ ಮಾತು ಕೇಳುವುದಿಲ್ಲ. ಹಾಗಾಗಿ ಇಳಿಯುವ ಮೊದಲೇ, ಮೇಲೆಯೇ, ಸಣ್ಣ ಗೇರ್‌ಗೆ ಹಾಕಬೇಕು. ನಡುವೆ ಗೇರ್ ಬದಲಿಸುವುದು, ಕ್ಲಚ್ ಒತ್ತುವುದು, ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್‌ನಲ್ಲಿ ಬಿಡುವುದು, ಇದ್ಯಾವುದೂ ಕೂಡದು. ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಒಂದಕ್ಕೊಂದು ಲಾಕ್ ಮಾಡಿರಬೇಕು, ಬೇರೆ ಬೇರೆ ಇದ್ದರೆ ಒಂದೇ ಗಾಲಿ ಹಿಡಿದು ಮಷಿನ್ ಗಿರಕಿ ಹೊಡೆಯುತ್ತದೆ.

ತುಂಡು ಸಣ್ಣದಿದ್ದು ಕಡಿದಾಗಿದ್ದರೆ ಇಳಿಯುತ್ತಾ ಮಾತ್ರ ಕೊಯ್ಯಿಸಿ, ಹತ್ತುವಾಗ ಖಾಲಿ ಬರಲಿ. ಹೊತ್ತು ಹೆಚ್ಚು ಹಿಡಿಯುತ್ತದೆ, ಕಾಳು ಉಳಿಯುತ್ತದೆ. ನಾನು ಹಳ್ಳದ ಕಡೆಯ ಎರಡು ಎಕರೆಗೆ ಈಗ ಹೀಗೇ ಮಾಡಿಸುತ್ತೇನೆ.

ನಾಲ್ಕು: ಡ್ರೈವರ್ ಜೊತೆ ಮಾತು

ಮಷಿನ್ ಹೊಲಕ್ಕೆ ಇಳಿಯುವ ಮೊದಲು ಡ್ರೈವರ್‌ನನ್ನು ಕರೆದು, ಚಹಾ ಕೊಟ್ಟು, ಹೊಲ ತೋರಿಸಿ. ಅವನು ಎಲ್ಲಿಂದಲೋ ಬಂದವನು, ನಿನ್ನೆ ರಾತ್ರಿ ನಿದ್ದೆಯೂ ಇರುವುದಿಲ್ಲ. ಕಲ್ಲೆಲ್ಲಿ, ಕೊರಕಲೆಲ್ಲಿ, ಎಲ್ಲಿ ತಿರುಗಿಸಬೇಕು, ಎಲ್ಲಿ ಕಾಳು ಸುರಿಯಬೇಕು, ಎಲ್ಲ ಹೇಳಿ.

ಬಾಡಿಗೆ ಗಂಟೆ ಲೆಕ್ಕ ಮಾಡಿಕೊಳ್ಳಿ. ಎಕರೆ ಲೆಕ್ಕಕ್ಕೆ ಒಪ್ಪಿದರೆ ಅವನು ಬೇಗ ಮುಗಿಸಲು ನೋಡುತ್ತಾನೆ, ಅದು ಮನುಷ್ಯ ಸಹಜ. ಗಂಟೆ ಲೆಕ್ಕ ಮಾಡಿಕೊಂಡ ಮೇಲೆ ನೀವು ಗಡಿಯಾರ ನೋಡುತ್ತಾ "ಜಲ್ದಿ ಜಲ್ದಿ" ಅನ್ನಬಾರದು. ಇಳಿಜಾರಿನಲ್ಲಿ ಅರ್ಧ ಗಂಟೆ ಬಾಡಿಗೆ ಉಳಿಸಲು ಹೋಗಿ ಅದಕ್ಕಿಂತ ಜಾಸ್ತಿ ಕಾಳನ್ನು ಹೊಲಕ್ಕೆ ಚೆಲ್ಲಿದವರಲ್ಲಿ ನಾನೂ ಒಬ್ಬ. ಖಾಸಗಿ ಮಷಿನ್ ಸಿಗದಿದ್ದರೆ ಯಂತ್ರ ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ, ಆದರೆ ಸುಗ್ಗಿಗೆ ಸಾಕಷ್ಟು ಮುಂಚೆಯೇ ಹೆಸರು ಬರೆಸಬೇಕು.

ಒಂದು ವಿಷಯ ಮರೆಯದೆ ಕೇಳಿ. ಜರಡಿಗೂ ಅದರ ಮುಂದಿನ ತಟ್ಟೆಗೂ ಉದ್ದಕ್ಕೆ ನಿಲ್ಲಿಸಿದ ತಗಡಿನ ಪಟ್ಟಿಗಳು ಇವೆಯಾ ಎಂದು. ಮಾಲು ಪಕ್ಕಕ್ಕೆ ಜಾರದ ಹಾಗೆ ತಡೆಯಲು ಕೆಲವು ಮಷಿನ್‌ಗಳಲ್ಲಿ ಅವನ್ನು ಕೊಟ್ಟಿರುತ್ತಾರೆ. ಬಾಗಿದ್ದರೆ ನೆಟ್ಟಗೆ ಮಾಡಿಸಿ, ಮಣ್ಣು ಹೊಟ್ಟು ಮೆತ್ತಿಕೊಂಡಿದ್ದರೆ ಮಷಿನ್ ಬಂದ್ ಮಾಡಿಸಿ ಕೆರೆಸಿ. ಲೆವೆಲ್ ಆಗದ ಮಷಿನ್‌ಗೆ ಇರುವ ಆಸರೆ ಅದೊಂದೇ.

ಐದು: ಐವತ್ತು ಹೆಜ್ಜೆ ಕೊಯ್ಸಿ, ನಿಲ್ಲಿಸಿ, ಎಣಿಸಿ

ಉಳಿದದ್ದೆಲ್ಲ ಮರೆತರೂ ಇದನ್ನು ಮಾಡಿ.

ನಾಲ್ಕು ಅಡಿ ಕಬ್ಬಿಣದ ತಂತಿಯನ್ನು ಬಗ್ಗಿಸಿ ಒಂದು ಅಡಿಯ ಚೌಕ ಮಾಡಿಕೊಳ್ಳಿ. ಮಷಿನ್ ಐವತ್ತು ಹೆಜ್ಜೆಯಷ್ಟು ಕೊಯ್ದ ಮೇಲೆ ನಿಲ್ಲಿಸಿ, ಹದಿನೈದು ಅಡಿ ಹಿಂದಕ್ಕೆ ತೆಗೆಸಿ. ಈಗ ನಿಮ್ಮ ಮುಂದೆ ಮೂರು ಜಾಗ ಇರುತ್ತವೆ. ಇನ್ನೂ ಕೊಯ್ಯದ ಬೆಳೆಯ ಬುಡ, ಅಲ್ಲಿ ಬಿದ್ದ ಕಾಳು ತಾನಾಗಿ ಉದುರಿದ್ದು. ಕಟ್ಟರ್ ಮಾತ್ರ ಹಾದ ಪಟ್ಟಿ, ಅಲ್ಲಿ ಹೆಚ್ಚಿಗೆ ಬಿದ್ದದ್ದು ಕಟ್ಟರ್ ನಷ್ಟ. ಮಷಿನ್ ಹಿಂದೆ ಹೊಟ್ಟು ಬಿದ್ದ ಪಟ್ಟಿ, ಅಲ್ಲಿ ಇನ್ನೂ ಹೆಚ್ಚಿಗೆ ಬಿದ್ದದ್ದು ಜರಡಿಯ ನಷ್ಟ. ಹೊಟ್ಟಿನ ಪಟ್ಟಿಯಲ್ಲಿ ಚೌಕವನ್ನು ಮೂರು ಕಡೆ ಇಡಿ: ಮೇಲಿನ ಅಂಚು, ನಡು, ತಗ್ಗಿನ ಅಂಚು. ಹೊಟ್ಟನ್ನು ಕೈಯಲ್ಲಿ ಮೆಲ್ಲಗೆ ಸರಿಸಿ, ಊದಿ, ಕೆಳಗಿನ ಕಾಳು ಎಣಿಸಿ. ಮೊಣಕಾಲು ಊರಿ ಕೂರಬೇಕು, ನಿಂತು ನೋಡಿದರೆ ಒಂದು ಕಾಳೂ ಕಾಣುವುದಿಲ್ಲ. ತಗ್ಗಿನ ಅಂಚಿನಲ್ಲಿ ಮೇಲಿನ ಅಂಚಿಗಿಂತ ಎರಡು ಮೂರು ಪಟ್ಟು ಕಾಳು ಇದ್ದರೆ ಒಳಗೆ ಮಾಲು ವಾಲುತ್ತಿದೆ ಎಂದೇ ಅರ್ಥ.

ಇನ್ನು ತೂಕದ ಲೆಕ್ಕ. ಒಂದು ಎಕರೆಗೆ 43,560 ಚದರ ಅಡಿ. ಸೋನಾ ಮಸೂರಿಯಂಥ ಸಣ್ಣ ಭತ್ತ ಸಾವಿರ ಕಾಳಿಗೆ 15 ಗ್ರಾಂ ಹತ್ತಿರ ತೂಗುತ್ತದೆ, ಅಂದರೆ ಹೊಲದ ತುಂಬ ಚದರ ಅಡಿಗೆ ಒಂದು ಕಾಳು ಬಿದ್ದರೆ ಎಕರೆಗೆ ಮುಕ್ಕಾಲು ಕೆಜಿಗೂ ಕಡಿಮೆ. ಕಡಲೆಗೆ ಅದೇ ಒಂದು ಕಾಳು ಎಂದರೆ 9 ಕೆಜಿ ಹತ್ತಿರ, ಮೆಕ್ಕೆಜೋಳಕ್ಕೆ ಸುಮಾರು 12 ಕೆಜಿ. ಆದರೆ ಕಟ್ಟರ್ 14 ಅಡಿ ಅಗಲ ಕೊಯ್ಯುತ್ತದೆ, ಹೊಟ್ಟು ಬೀಳುವುದು ನಾಲ್ಕೂವರೆ ಅಡಿ ಪಟ್ಟಿಯಲ್ಲಿ. ಹಾಗಾಗಿ ಪಟ್ಟಿಯಲ್ಲಿ ಎಣಿಸಿದ ಸರಾಸರಿಯನ್ನು ಮೂರರಿಂದ ಭಾಗಿಸಿ. ನಿಮ್ಮ ಮಷಿನ್‌ನ ಅಳತೆ ಬೇರೆ ಇದ್ದರೆ ಟೇಪ್ ಹಿಡಿದು ನೋಡಿಕೊಳ್ಳಿ. ಭತ್ತದ ಪಟ್ಟಿಯಲ್ಲಿ ಸರಾಸರಿ 200 ಕಾಳು ಕಂಡರೆ ಎಕರೆಗೆ 40 ಕೆಜಿ ದಾಟಿತು, ನಮ್ಮ 75 ಕೆಜಿ ಚೀಲದ ಅರ್ಧಕ್ಕೂ ಜಾಸ್ತಿ. ಮೆಕ್ಕೆಜೋಳದಲ್ಲಿ ಆರೇ ಕಾಳು ಕಂಡರೂ 24 ಕೆಜಿ.

ನಷ್ಟ ಜಾಸ್ತಿ ಕಂಡರೆ ಮೊದಲು ವೇಗ ಕಡಿಮೆ ಮಾಡಿಸಿ. ಮಷಿನ್ ಪಕ್ಕದಲ್ಲಿ ನೀವು ಆರಾಮಾಗಿ ನಡೆದರೆ ಅದು ನಿಮ್ಮ ಜೊತೆ ಬರಬೇಕು, ನೀವು ದಾಪುಗಾಲು ಹಾಕುವಂತೆ ಆಗಬಾರದು. ಆಮೇಲೂ ಕಡಿಮೆ ಆಗದಿದ್ದರೆ ಕಟ್ಟರ್‌ನ ಪೂರ್ತಿ ಅಗಲ ಕೊಯ್ಯದೆ ಮುಕ್ಕಾಲು ಅಥವಾ ಅರ್ಧ ಅಗಲ ಕೊಯ್ಯಿಸಿ. ಎರಡರ ಉದ್ದೇಶವೂ ಒಂದೇ, ಜರಡಿ ಮೇಲಿನ ಪದರ ತೆಳ್ಳಗಾಗಬೇಕು. ತೆಳ್ಳಗಿದ್ದರೆ ವಾಲಿದರೂ ಗಾಳಿ ಹೊಕ್ಕುತ್ತದೆ. ಫ್ಯಾನ್ ಮುಟ್ಟುವುದು ಆಮೇಲೆ, ಅದೂ ಸ್ವಲ್ಪ ಸ್ವಲ್ಪ, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮೂರು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮತ್ತೆ ಐವತ್ತು ಹೆಜ್ಜೆ, ಮತ್ತೆ ಎಣಿಕೆ. ಮೊದಲ ಒಂದು ಗಂಟೆಯಲ್ಲಿ ನಾನು ಮೂರು ಸಲ ಎಣಿಸುತ್ತೇನೆ, ಮಧ್ಯಾಹ್ನ ಬಿಸಿಲೇರಿ ಬೆಳೆ ಗರಿಗರಿ ಆದ ಮೇಲೆ ಇನ್ನೊಂದು ಸಲ, ಯಾಕೆಂದರೆ ಆಗ ಕಡ್ಡಿ ಪುಡಿಯಾಗಿ ಜರಡಿಗೆ ಹೊರೆ ಜಾಸ್ತಿ ಆಗುತ್ತದೆ.

ಆರು: ಟ್ಯಾಂಕ್ ಅರ್ಧಕ್ಕೇ ಖಾಲಿ

ಟೈರ್ ಮಷಿನ್‌ನ ಟ್ಯಾಂಕ್ ತುಂಬಿದರೆ ಒಂದು ಟನ್‌ಗೂ ಮೇಲೆ ಕಾಳು, ಅದೂ ಮಷಿನ್ ತಲೆಯ ಮೇಲೆ. ತಲೆ ಮೇಲೆ ಚೀಲ ಹೊತ್ತು ಓರೆಯಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನಲ್ಲಿ ಅರ್ಧ ತುಂಬಿದ ಕೂಡಲೇ ಖಾಲಿ ಮಾಡಿಸಿ. ಸುರಿಯುವ ಜಾಗ ಸಮತಟ್ಟಾಗಿರಲಿ. ಓರೆಯಲ್ಲಿ ನಿಂತು ಪಕ್ಕದ ಟ್ರಾಲಿಗೆ ಸುರಿಯುವುದು ಎರಡಕ್ಕೂ ಅಪಾಯ. ಟ್ರಾಲಿ ಗಾಲಿಗೆ ಕಲ್ಲು ಕೊಡಿ.

ಮಷಿನ್‌ನ ತಗ್ಗಿನ ಕಡೆ ಯಾರೂ ನಿಲ್ಲಬಾರದು. ಬಿದ್ದ ತೆನೆ ಆರಿಸಲು ಬರುವ ಹೆಣ್ಣುಮಕ್ಕಳು, ಮಕ್ಕಳು ಎಲ್ಲರಿಗೂ ಮೊದಲೇ ಹೇಳಿ, ಮೇಲಿನ ಕಡೆಯಲ್ಲೇ ಇರಿ ಅಂತ.

ಚೈನ್ ಮಷಿನ್ ಮತ್ತು ಒಡ್ಡು

ಗುಡ್ಡದ ಬುಡದ ಗದ್ದೆಗಳಲ್ಲಿ, ಆನೆಗೊಂದಿ ಕಡೆಯ ಬಂಡೆಗಳ ಸಂದಿಯಲ್ಲಿ ಮಾಡಿಕೊಂಡಂಥ ಮಡಿಗಳಲ್ಲಿ, ಹೊಲ ಓರೆ ಇರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಕೊಯ್ಯುವಾಗ ಸಮತಟ್ಟು, ಅಪಾಯ ಇರುವುದು ಒಂದು ಮಡಿಯಿಂದ ಇನ್ನೊಂದಕ್ಕೆ ದಾಟುವಾಗ. ಚೈನ್ ಮಷಿನ್ ಏನು ಬೇಕಾದರೂ ಹತ್ತುತ್ತದೆ ಅನ್ನುವ ಧೈರ್ಯವೇ ಇಲ್ಲಿ ಕೆಟ್ಟದ್ದು. ನಮ್ಮ ಪಕ್ಕದ ಗದ್ದೆಯಲ್ಲಿ ಡ್ರೈವರ್ ಒಡ್ಡನ್ನು ಓರೆಯಾಗಿ ಹತ್ತಿಸಿದ. ಒಂದು ಚೈನ್ ಒಡ್ಡಿನ ಮೇಲೆ, ಇನ್ನೊಂದು ಕೆಳಗಿನ ಕೆಸರಿನಲ್ಲಿ. ಒಡ್ಡಿನ ಮಣ್ಣು ಕುಸಿಯಿತು, ಮಷಿನ್ ನಿಧಾನವಾಗಿ ಮಲಗಿತು, ಆತ ಹಾರಿ ಉಳಿದ. ಅದು ಮಲಗುವಾಗ ಆದ ಸದ್ದು ನನಗೆ ಈಗಲೂ ನೆನಪಿದೆ, ಮೊದಲು ಚೈನಿನ ಕಿರ್ ಎನ್ನುವ ಸದ್ದು, ಆಮೇಲೆ ಟ್ಯಾಂಕಿನ ಭತ್ತ ಒಂದೇ ಕಡೆ ಸುರಿದ ಸದ್ದು.

ಒಡ್ಡನ್ನು ಯಾವಾಗಲೂ ನೇರವಾಗಿ ದಾಟಬೇಕು, ಎರಡೂ ಚೈನ್ ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿಯಬೇಕು. ಒಡ್ಡು ಮೊಣಕಾಲೆತ್ತರ ಇದ್ದರೆ ಸಲಿಕೆಯಿಂದ ಎರಡೂ ಕಡೆ ಮಣ್ಣು ಎಳೆದು ಇಳಿಜಾರು ಮಾಡಿಸಿ, ಇಬ್ಬರು ಆಳಿಗೆ ಅದೇನು ದೊಡ್ಡ ಕೆಲಸವಲ್ಲ. ಟ್ಯಾಂಕ್ ಖಾಲಿ ಇರಲಿ. ಒಡ್ಡಿನ ನೆತ್ತಿಯ ಮೇಲೆ ತಿರುಗಿಸುವುದು ಬೇಡ, ಚೈನ್ ಕಳಚುವುದೂ ಅಲ್ಲೇ.

ಭತ್ತಕ್ಕೆ ಕಟಾವಿಗೆ ಹತ್ತು ಹದಿನೈದು ದಿನ ಮೊದಲು ನೀರು ಬಿಡುವುದು ನಿಲ್ಲಿಸುತ್ತೇವೆ. ಮೆಟ್ಟಿಲು ಗದ್ದೆಗಳಲ್ಲಿ ಮೇಲಿನ ಮಡಿ ಒಣಗಿದರೂ ಕೆಳಗಿನ ಮಡಿಗೆ ಮೇಲಿನ ನೀರು ಬಸಿಯುತ್ತಲೇ ಇರುತ್ತದೆ, ಕಾಳು ಮಾಗುವುದೂ ಅಲ್ಲಿ ತಡ. ಎಲ್ಲವನ್ನೂ ಒಂದೇ ದಿನ ಮುಗಿಸುವ ಆಸೆ ಬಿಟ್ಟು ಮೇಲಿನ ಮಡಿ ಈಗ, ಕೆಳಗಿನದು ನಾಲ್ಕು ದಿನ ಬಿಟ್ಟು ಮಾಡಿಸಿದರೆ ಒಳ್ಳೆಯದು. ಅಕ್ಕಪಕ್ಕದವರು ಸೇರಿ ಹೀಗೆ ಹಂಚಿಕೊಂಡರೆ ಮಷಿನ್‌ನವನೂ ಎರಡನೇ ಸಲ ಬರಲು ಒಪ್ಪುತ್ತಾನೆ. ಕಾಳಿನ ತೇವಾಂಶ 20ರಿಂದ 22 ಪರ್ಸೆಂಟ್ ಇರುವಾಗ ಕೊಯ್ದರೆ ಉದುರುವುದೂ ಕಡಿಮೆ, ಒಡೆಯುವುದೂ ಕಡಿಮೆ. ಬೆಂಬಲ ಬೆಲೆಗೆ ಕೊಡುವವರು 17ಕ್ಕೆ ಒಣಗಿಸಬೇಕು, ಮನೆಯಲ್ಲಿ ಇಡುವವರು 14ಕ್ಕೆ.

ಕಡಲೆ

ಕಡಲೆ ಗಿಡದ ಕೆಳಗಿನ ಕಾಯಿ ನೆಲಕ್ಕೆ ತೀರಾ ಹತ್ತಿರ. ಓರೆ ಹೊಲದಲ್ಲಿ ಕಟ್ಟರ್‌ನ ಒಂದು ತುದಿ ಮಣ್ಣು ಕೆರೆಯುತ್ತದೆ, ಇನ್ನೊಂದು ತುದಿ ಕಾಯಿ ಬಿಟ್ಟು ಹೋಗುತ್ತದೆ. ಎತ್ತರ ಬೆಳೆದು ಕಾಯಿ ಮೇಲೆ ಬಿಡುವ ಜಿಬಿಎಂ-2, ಎನ್‌ಬಿಇಜಿ-47ರಂಥ ತಳಿಗಳು ಮಷಿನ್ ಕಟಾವಿಗೆಂದೇ ಬಂದಿವೆ, ಇಳಿಜಾರಿನವರು ಅವನ್ನೇ ಹಾಕುವುದು ಒಳ್ಳೆಯದು. ಹಳೆಯ ತಳಿ ಇದ್ದರೆ ನನ್ನ ಸಲಹೆ ಕೈ ಕಟಾವು, ಸಮತಟ್ಟು ಜಾಗದಲ್ಲಿ ರಾಶಿ ಮಷಿನ್‌ಗೆ ಹಾಕಿ ಒಕ್ಕಿಸುವುದು. 15 ಪರ್ಸೆಂಟ್ ಹತ್ತಿರದ, ಅದನ್ನು ಮೀರಿದ ತುಂಡಿಗೂ, ಯಾವ ಬೆಳೆಯೇ ಆಗಲಿ, ಇದೇ ದಾರಿ. ಕೂಲಿ ಜಾಸ್ತಿ ಬೀಳುತ್ತದೆ, ನಿಜ. ಮಷಿನ್ ಮಲಗಿದರೆ ಕೂಲಿ ಲೆಕ್ಕ ಹಾಕಲು ಯಾರೂ ಕೂರುವುದಿಲ್ಲ.

ಕೆಲಸ ಮುಗಿದ ಮೇಲೆ ಎರಡು ಸಣ್ಣ ಕೆಲಸ ಇವೆ. ಬೀಜಕ್ಕೆ ಇಡುವವರು ಮೊದಲು ಬಂದ ಎರಡು ಮೂರು ಚೀಲವನ್ನು ಬೇರೆ ಇಡಿ, ಅದರಲ್ಲಿ ಹಿಂದಿನ ಊರಿನ ಕಾಳೂ ಕಳೆಯ ಬೀಜವೂ ಸೇರಿರುತ್ತವೆ. ಮತ್ತೆ, ಕಟಾವಿನ ನಂತರ ಮಳೆ ಬಂದರೆ ಹತ್ತು ದಿನ ಬಿಟ್ಟು ಒಮ್ಮೆ ಒಡ್ಡಿನ ಮೇಲೆ ನಿಂತು ಹೊಲ ನೋಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೊಳಕೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ಮುಂದಿನ ಸಲ ಡ್ರೈವರ್‌ನನ್ನು ಕರೆದುಕೊಂಡು ಹೋಗಿ ಆ ಫೋಟೋ ತೋರಿಸಿ. ನಮ್ಮ ಹೊಲಕ್ಕೆ ಹೋದ ವರ್ಷ ಬಂದ ಹುಡುಗ ಅದನ್ನು ನೋಡಿದವನೇ ನಾನು ಹೇಳುವ ಮೊದಲೇ ಗೇರ್ ಇಳಿಸಿದ.